ಉಸಿರು ತಗೊಂಡ ಜಾಗ

ಮಗಳ ಅರ್ಜಿಗೆ ಮುತ್ತ್ಯಾ ಬೇಕಂತ.
ಜತ್ತ ತಹಸೀಲ ಕಚೇರಿಯ ಕಿಡಕಿ ಹಿಂದಿನ ಹುಡುಗ
ಮರಾಠಿಯೊಳಗ ಕೇಳಿದ:
ನಿಮ್ಮಪ್ಪ ಆಯ್ತು. ಅವನ ಅಪ್ಪ ಎಲ್ಲಿ?

ಎಲ್ಲಿ ಅಂದ್ರ,
ಮಾಡಗ್ಯಾಳದ ಬಯಲಾಗ, ಬನ್ನಿಗಿಡದ ಬಡ್ಡ್ಯಾಗ
ಎರಡು ಕಲ್ಲಿನ ಕೆಳಗ ಅದಾನ.
ಕಲ್ಲಿನ ಝೆರಾಕ್ಸ್ ಬರೂದಿಲ್ಲ.

ಹುಡುಕಿದೆ.
ಸಾತಬಾರಾ ಉತಾರದಾಗ ಅವ ಕಾರಪ್ಪಾ ಅಮಸಿದ್ಧ,
ಸೊಸೈಟಿಯ ಸಾಲದ ವಹಿಯೊಳಗ ಕರಿಬಾ,
ಅಪ್ಪನ ಸಾಲಿ ದಾಖಲೆಯಾಗ ಬರೇ ಕ. ಅ.
ಮನ್ಯಾಗಂತೂ ಯಾರೂ ಹೆಸರು ಹಿಡಿದು ಕರದಿಲ್ಲ.
ಆಯಿ ಸಾಯೂತನಕ ಅಂದದ್ದು
"ಮಾಳಪ್ಪನ ಅಪ್ಪ."

ಸಾಂಗಲಿಯೊಳಗ ಮೋಡಿ ಓದೂ ಮುದುಕ,
ಹಾಳಿಗೆ ಎರಡುನೂರು.
ಖಾನೇಸುಮಾರಿ ವಹಿ ತೆರೆದ.
ತಲಿ ಮ್ಯಾಲ ಒಂದೇ ಉದ್ದ ಗೆರಿ, ಅದರ ಕೆಳಗ ಅಕ್ಷರ
ಬೆಲ್ಲ ಹೊತ್ತ ಇರಬಿ ಸಾಲಿನ್ಹಂಗ ಒಂದರ ಬೆನ್ನಿಗೆ ಒಂದು.
ಭೂತಗನ್ನಡಿ ಒರಸಿ, ಬೆರಳಿಟ್ಟು ಓದಿದ:
ಧನಗರ ಅಮಸಿದ್ಧ. ಹೆಂಡತಿ ಒಬ್ಬಳು. ಕುರಿ ನಾಲ್ವತ್ತು.
ಮಕ್ಕಳು, ಇಲ್ಲ.
ಮುಂದಿನ ವಹಿ ಇಲಿ ತಿಂದಿತ್ತು.
ತಿಂದ ಹಾಳಿಗೂ ರೊಕ್ಕ ಇಸಗೊಂಡ.

ಸುಗ್ಗಿ ಮುಗಿದ ಮ್ಯಾಲ ಹೆಳವ ಬಂದ,
ಎತ್ತಿನ ಮ್ಯಾಲಲ್ಲ, ಸ್ಪ್ಲೆಂಡರ್ ಮ್ಯಾಲ.
ಐದು ವರ್ಷಕ್ಕೊಮ್ಮಿ ಬರಾಂವ, ಈ ಸಲ ಎಂಟಾಗಿತ್ತು.
ಕೋಳಿ ಕೂಗೂಕಿಂತ ಮೊದಲ ಕಟ್ಟಿ ಏರಿ
ಗಂಟಿ ಬಾರಿಸಿ ಹೇಳಾಕ ಹತ್ತಿದ:
ಯಾವ ಹಟ್ಟಿ ಬಿಟ್ಟು ಹೊಂಟ್ರು, ಯಾವ ಹಳ್ಳ ಯಾವ ತಿಂಗಳದಾಗ ದಾಟಿದ್ರು,
ಎಷ್ಟು ಮರಿ ತೋಳಗ ಬಿಟ್ರು,
ಯಾವ ಗೌಡಗ ಕರೀಕಂಬಳಿ ಹೊದಿಸಿ ಜಾಗಾ ಪಡದ್ರು.
ಹೊನ್ನನ ಮಗ ಸೋಮ, ಸೋಮನ ಮಗ ಬೀರ,
ಬೀರನ ಮಗ ಅಮಸಿದ್ಧ,
ಅಮಸಿದ್ಧಗ

ಅಲ್ಲಿ ಉಸಿರು ತಗೊಂಡ.

ಕೆಮ್ಮಲಿಲ್ಲ. ಮರತಿರಲೂ ಇಲ್ಲ.
ಅಮಸಿದ್ಧಗ ಕರೆಪ್ಪ, ಅಂದ,
ಮಗ ಅನ್ನೂ ಮಾತು ಬಿಟ್ಟು.

ಚಹಾ ಕೊಟ್ಟು ಕೇಳಿದೆ.
ಬಶಿಗೆ ಸುರುವಿ, ಊದಿ, ಅರ್ಧ ಕುಡಿದು ಹೇಳಿದ:
"ಗಂಟುಬ್ಯಾನಿ ಬಂದ ವರ್ಷ.
ಊರು ಊರೇ ಹೊಲದಾಗ ಗುಡಸಲ ಹಾಕಿತ್ತು.
ಬೋರ ಹೊಳಿ ದಂಡ್ಯಾಗ ಒಂದು ಸುಟ್ಟ ಗುಡಸಲ,
ಹೊರಗ ಒಂದು ಕೂಸು.
ನಿಮ್ಮ ಲಾಯವ್ವಗ ಎದಿಯಾಗ ಹಾಲಿಲ್ಲ.
ಮರಿ ಸತ್ತ ಕುರಿ ಒಂದಿತ್ತು, ಗಿಣಿಮೂಗಿಂದು,
ಅದರ ಕೆಳಗ ಹಿಡದ್ಲು."

ಯಾರ ಕೂಸು?

"ಅದನ್ನ ನಾವು ಕೇಳೂದಿಲ್ರಿ.
ಹಾಲು ಯಾರ ಹಟ್ಟೀದು, ಅಷ್ಟ ಬರೀತೀವಿ."

ಹಂಗಾದ್ರ ಇದು ನಿಮ್ಮ ಪುಸ್ತಕದಾಗ ಯಾಕಿಲ್ಲ?

"ಐತಲ್ಲ. ನಮ್ಮಪ್ಪ ಕಲಿಸಿದ,
ಇಲ್ಲಿಗೆ ಬಂದಾಗ ಉಸಿರು ತಗೋ, ಅಂತ.
ಅವನಿಗೆ ಅವನಪ್ಪ."

ಹಾಲುಮತ ಅಂತ ಎಷ್ಟೋ ಫಾರ್ಮಿನಾಗ ತುಂಬೀನಿ.
ಆ ಹೆಸರಿನ ಮೊದಲ ಎರಡಕ್ಷರ
ಅವತ್ತ ಓದಿದೆ.

ಹೆಳವಗ ಎರಡು ಚೀಲ ಜೋಳ ಕೊಟ್ಟೆ.
ಹೆಣ್ಣುಕುರಿ ಕೇಳಿದ. ಇನ್ನೊಂದು ಸಲ ಅಂದೆ.
ಬೈಕಿಗೆ ಎರಡು ಚೀಲ ಕಟ್ಟಲಿಕ್ಕಾಗದ
ಒಂದನ್ನ ಸಂಖದ ಬಸ್ಸಿಗೆ ಹಾಕಿ ಹ್ವಾದ.

ನೋಟರಿಯ ಕಾಗದ ತಿಂಗಳತನಕ ಹಿಟ್ಟಿನ ಡಬ್ಬಿ ಮ್ಯಾಲ ಬಿದ್ದಿತ್ತು.
"ಮ್ಯಾಲಿನವರೆಲ್ಲ ನನ್ನ ರಕ್ತದ ನಾತೇದವರು ಇರ್ತಾರ,"
ಕೆಳಗ ಸಹಿ ಜಾಗಾ ಖಾಲಿ.
ಪ್ರಾಜಕ್ತಾ ಒಂದು ಮಾತೂ ಕೇಳಲಿಲ್ಲ.
ಪೆನ್ನು ತಂದು ಬಾಜೂಕ ಇಟ್ಟಳು.
ಆಕಿ ಕೈಯಾಗ ಹಿಟ್ಟಿತ್ತು, ಪೆನ್ನಿಗೂ ಹತ್ತಿತ್ತು.

ಮತ್ತ ಅದ ಕಿಡಕಿ.
ಒಂದೊಂದ ಹೆಸರು ಹೇಳ್ರಿ, ಟೈಪ್ ಮಾಡ್ತೀನಿ, ಅಂದ ಹುಡುಗ.
ಹೊನ್ನನ ಮಗ ಸೋಮ. ಸೋಮನ ಮಗ ಬೀರ.
ಬೀರನ ಮಗ ಅಮಸಿದ್ಧ.
ಅಮಸಿದ್ಧಗ

ಹಿಂದ ಸರದಿಯಾಗ ನಿಂತವರು ನೂಕತಿದ್ರು.
ಹುಡುಗ ಕೀಲಿಮಣೆ ಮ್ಯಾಲ ಬೆರಳಿಟ್ಟಗೊಂಡ
ತಲಿ ಎತ್ತಿ ನೋಡಿದ:

ಮುಂದ?